ಈಶಮ್ಮ ಕುರ್ಚಿಯಲ್ಲಿ ಕೂತ ದಿನ

ಇಡೀ ತೆಲಂಗಾಣ ಕೆಲಸ ನಿಲ್ಲಿಸಿದ ದಿನದಿಂದ ಈಶಮ್ಮನಿಗೆ ಕೆಲಸ ಹೆಚ್ಚಾಯಿತು.

ಅದು ಎರಡು ಸಾವಿರದ ಹನ್ನೊಂದರ ಸೆಪ್ಟೆಂಬರ್. ಸಕಲ ಜನುಲ ಸಮ್ಮೆ, ಅಂದರೆ ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಎಲ್ಲ ಜನರ ಮುಷ್ಕರ. ಮೇಷ್ಟ್ರು ಶಾಲೆ ಬಿಟ್ಟರು, ಡ್ರೈವರು ಬಸ್ಸು ಬಿಟ್ಟರು, ಗುಮಾಸ್ತರು ಕಡತ ಬಿಟ್ಟರು. ಬಿಟ್ಟವರೆಲ್ಲ ಕಲ್ಹೇರ್ ಕ್ರಾಸಿನ ಬೇವಿನ ಮರದ ಕೆಳಗೆ ಹಾಕಿದ್ದ ಶಾಮಿಯಾನಕ್ಕೆ ಬಂದು ಕೂತರು. ಕೂತವರಿಗೆ ಹಸಿವಾಯಿತು. ಹಸಿವಾದಾಗ ಅವರಿಗೆ ಈಶಮ್ಮ ನೆನಪಾದಳು.

ಈಶಮ್ಮ ಊರ ಶಾಲೆಯ ಬಿಸಿಯೂಟದ ಅಡುಗೆಯವಳು. ಧಾರೂರು ಕಡೆಯ ಹೆಣ್ಣು. ಎಂಟನೆಯ ವರ್ಷಕ್ಕೆ ಒಲೆ ಮುಂದೆ ಕೂತವಳು, ನಲವತ್ತೈದಾದರೂ ಎದ್ದಿರಲಿಲ್ಲ. ಮಗಳು ಗೌತಮಿ ಹುಟ್ಟಿದ ದಿನ ಬೆಳಿಗ್ಗೆ ಹದಿನಾರು ರೊಟ್ಟಿ ಬಡಿದು, ಹದಿನೇಳನೆಯದನ್ನು ಹಂಚಿನ ಮೇಲೆ ಹಾಕಿ, "ಇದನ್ನ ಯಾರರೆ ತಿರುವ್ರೆವ್ವಾ, ನಂಗ ಬ್ಯಾನಿ ಬಂದದ" ಅಂತ ಒಳಗೆ ಹೋಗಿದ್ದಳು. ಐದನೆಯ ದಿನಕ್ಕೆ ಮತ್ತೆ ಒಲೆಯ ಮುಂದೆ. ಬಿಸಿಯೂಟ ಶುರುವಾದ ವರ್ಷ, ಕೇರಿಯ ಹೆಂಗಸಿನ ಕೈ ಅಡುಗೆ ಅಂತ ನಾಲ್ಕು ಮನೆಯ ಮಕ್ಕಳು ಡಬ್ಬಿ ತರುತ್ತಿದ್ದವು. ಅವಳ ತೊಗರಿಬೇಳೆಯ ಒಗ್ಗರಣೆಯ ವಾಸನೆ ಎದುರು ಡಬ್ಬಿಗಳು ದಸರಾತನಕವೂ ಬಾಳಲಿಲ್ಲ.

ಇಷ್ಟು ರೊಟ್ಟಿ ಬಡಿದವಳ ಬಾಳಿನಲ್ಲಿ ಒಂದು ವಿಚಿತ್ರವಿತ್ತು. ಹಂಚಿನಿಂದ ಇಳಿದ ಬಿಸಿರೊಟ್ಟಿಯನ್ನು ಕೂತು ತಿಂದ ನೆನಪು ಅವಳಿಗೆ ಇರಲಿಲ್ಲ. ಎಲ್ಲರದೂ ಮುಗಿದ ಮೇಲೆ ಬುಟ್ಟಿಯ ತಳದಲ್ಲಿ ಉಳಿದ ತಣ್ಣನೆಯದು ಅವಳದು. ಬೇರೆಯವರ ಕೈಯ ರೊಟ್ಟಿಯಂತೂ ದೂರದ ಮಾತು. ಇದನ್ನು ಅವಳು ದುಃಖ ಅಂತ ಹೇಳಿಕೊಂಡವಳಲ್ಲ. ಆಕಾಶ ಮೇಲಿದೆ, ರೊಟ್ಟಿ ತಣ್ಣಗಿದೆ, ಅಷ್ಟೇ.

ಸಮ್ಮೆಯಲ್ಲಿ ಎರಡು ಬಗೆಯ ಹೋರಾಟ ನಡೆದಿತ್ತು. ಒಂದು, ಸರದಿ ಉಪವಾಸ. ಬೆಳಿಗ್ಗೆ ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತವರು ಸಂಜೆ ಐದಕ್ಕೆ ನಿಂಬೆ ಶರಬತ್ತು ಕುಡಿದು ಏಳುವುದು. ಇನ್ನೊಂದು, ವಂಟಾ ವಾರ್ಪು. ನಡುರಸ್ತೆಯಲ್ಲಿ ಒಲೆ ಹೂಡಿ, ಅಲ್ಲೇ ಬೇಯಿಸಿ, ಅಲ್ಲೇ ಸಾಲಾಗಿ ಕೂತು ಉಂಡು, ರಸ್ತೆ ತಡೆಯುವುದು. ಭಾಷಣ ಮಾಡುವಾಗ ಸಮ್ಮೆಯ ಸಮಿತಿಯ ಹಿರಿಯ ನರಸಿಂಹುಲು ಸಾರ್, "ಇವತ್ತು ನಾವು ರಸ್ತೆ ಮ್ಯಾಲ ಅಡಗಿ ಮಾಡಿ ಸರ್ಕಾರಕ್ಕ ಬಿಸಿ ಮುಟ್ಟಿಸ್ಲತ್ತೀವಿ" ಅನ್ನುತ್ತಿದ್ದರು. ಆ 'ನಾವು' ಒಲೆಯ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಕೂತಿರುತ್ತಿತ್ತು. ಜೊತೆಗೆ ಅಡುಗೆಯ ಗೆಳತಿ ಚಂದ್ರಾಬಾಯಿ ಇರುತ್ತಿದ್ದಳು.

"ಈಶಕ್ಕಾ, ಸಾರ್ ಒಲಿ ಹತ್ರ ಬಂದಾರೇನು ಒಮ್ಮಿಯಾದ್ರೂ?"

"ಬಂದಿದ್ರಲ್ಲ. ಉಪ್ಪು ಕಮ್ಮಿ ಅದ ಅಂತ ಹೇಳಾಕ."

ಕಾಲೇಜು ಮುಚ್ಚಿದ್ದರಿಂದ ಗೌತಮಿ ಮನೆಯಲ್ಲಿದ್ದಳು. ಹದಿನೇಳು ವರ್ಷ, ನಾರಾಯಣಖೇಡದ ಜೂನಿಯರ್ ಕಾಲೇಜಿನಲ್ಲಿ ಎರಡನೆಯ ವರ್ಷ. ಬೀಗ ಹಾಕುವ ಮುಂಚೆ ಲೈಬ್ರರಿಯಿಂದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ತಂದಿದ್ದಳು. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಹಗಲೆಲ್ಲ ಓದುವಳು. ಸಂಜೆ ಅವ್ವ ಒಲೆ ಹೊತ್ತಿಸಿದಾಗ ಪಕ್ಕಕ್ಕೆ ಕೂತು ಅಷ್ಟನ್ನೂ ಮನೆಮಾತಾದ ಕನ್ನಡದಲ್ಲಿ ಹೇಳುವಳು.

"ಅವ್ವ, ಆ ಊರು ಪೂರಾ ಒಂದು ಗಾಜಿನ ಗುಮ್ಮಟದ ಕೆಳಗ ಅದ. ಹೊರಗಿನ ಗಾಳಿ ವಿಷ ಆಗಿಬಿಟ್ಟದ. ಒಳಗ ಗಾಳೀನೂ ಅಳೆದು ಕೊಡ್ತಾರ."

"ರೇಷನ್ ಅಂಗಡಿ ಇದ್ದಂಗ?"

"ಹಂಗೇ ಅನ್ಕೋ. ನಡುವ ಒಂದು ಗೋಪುರ ಅದ. ಗಾಳಿ ಅವರ ಕೈಯಾಗ. ಒಂದು ಓಣಿಯಿಂದ ಒಬ್ಬ ಹುಡುಗ, ಇಲ್ಲಾ ಹುಡುಗಿ, ತಾನಾಗೇ ಗೋಪುರದ ಒಳಗ ಹೋದ್ರ ಆ ಓಣಿಗೆ ಒಂದು ವರ್ಷ ಹೊಟ್ಟಿ ತುಂಬ ಗಾಳಿ ಬಿಡ್ತಾರ."

"ಹೋದವರು?"

"ಹೊಳ್ಳಿ ಬರಂಗಿಲ್ಲ." ಗೌತಮಿಯ ಕಣ್ಣು ಒಲೆಯ ಬೆಳಕಿನಲ್ಲಿ ಹೊಳೆಯಿತು. "ನೋರಾ ಅಂತ ಒಬ್ಬ ಹುಡುಗಿ. ನನ್ನಷ್ಟೇ ವಯಸ್ಸು. ಆಕಿ ಎಲ್ಲರ ಸಲುವಾಗಿ ನಾ ಹೋಗ್ತೀನಿ ಅಂತ ಎದ್ದು ನಿಂತಾಳ. ಓಣಿ ಪೂರಾ ಆಕಿ ಮುಂದ ತಲಿ ಬಗ್ಗಿಸ್ತದ."

ಈಶಮ್ಮ ಹಿಟ್ಟಿನ ಉಂಡೆಯನ್ನು ತಿರುಗಿಸಿ ತಟ್ಟಿದಳು. "ಆ ಊರಾಗ ಅಡಗಿ ಯಾರು ಮಾಡ್ತಾರ?"

"ಅವ್ವಾ! ನಾ ಏನ್ ಹೇಳ್ಲತ್ತೀನಿ, ನೀ ಏನ್ ಕೇಳ್ಲತ್ತಿ?"

"ಅಲ್ಲ, ಗಾಳಿ ಲೆಕ್ಕ ಬರ್ದಾರ. ಕಸ ಯಾರು ಹೊಡೀತಾರ, ಮುಸುರಿ ಯಾರು ತಿಕ್ಕತಾರ, ಅದು?"

ಗೌತಮಿ ಪುಟ ತಿರುವಿ ನೋಡಿದಳು. "ಬರ್ದಿಲ್ಲ."

"ಬರ್ದಿಲ್ಲಂದ್ರ ಅವರವ್ವ ಮಾಡಿರ್ತಾಳ."

ಗೌತಮಿಗೆ ಸಿಟ್ಟು ಬಂತು, ನಗುವೂ ಬಂತು. ಹಾಗೆ ದಿನಗಳು ಹೋದವು. ಆದರೆ ಶಾಮಿಯಾನದಲ್ಲಿ ದಿನವೂ ತ್ಯಾಗದ ಭಾಷಣ, ಮನೆಯಲ್ಲಿ ದಿನವೂ ನೋರಾ. ಎರಡೂ ಸೇರಿ ಹುಡುಗಿಯ ತಲೆಯಲ್ಲಿ ಏನು ಹುದುಗು ಬರುತ್ತಿದೆ ಅಂತ ಈಶಮ್ಮ ಗಮನಿಸಿರಲಿಲ್ಲ. ಗಮನಿಸಲು ಅವಳಿಗೆ ಬಿಡುವೂ ಇರಲಿಲ್ಲ. ನಾಳೆ ದೊಡ್ಡ ವಂಟಾ ವಾರ್ಪು. ಇನ್ನೂರು ಜನಕ್ಕೆ ಅಡುಗೆ. ಸಂಗಾರೆಡ್ಡಿಯಿಂದ ಪೇಪರಿನವರು ಬರುವವರಿದ್ದರು. ಮನೆಮನೆಯಿಂದ ಬಂದ ಜೋಳದ ಹಿಟ್ಟನ್ನು ಜರಡಿ ಹಿಡಿದು ಮನೆಗೆ ಬಂದಾಗ ಮಗಳು ತಟ್ಟೆ ಮುಂದೆ ಕೂರಲಿಲ್ಲ.

"ಉಣ್ಣಂಗಿಲ್ಲ ಅವ್ವ. ನಾಳಿಂದ ನಾ ಆಮರಣ ಉಪವಾಸ ಕೂಡ್ತೀನಿ. ಸರದಿ ಅಲ್ಲ. ರಾಜ್ಯ ಕೊಡೋತನಕ ಒಂದು ಅಗಳು ಮುಟ್ಟಂಗಿಲ್ಲ. ಸಾರ್‌ಗೆ ಹೆಸರು ಕೊಟ್ಟು ಬಂದೀನಿ."

ಗಂಡ ಹಣಮಯ್ಯ, ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲ, ಮೊದಲು ಸ್ವಲ್ಪ ಉಬ್ಬಿದ. "ಹುಡುಗಿ ಫೋಟೊ ಪೇಪರ್‌ದಾಗ ಬರ್ತದಂತ..." ಅಂದವನು ಹೆಂಡತಿಯ ಮುಖ ನೋಡಿ, ಬೀಡಿಯ ನೆಪದಲ್ಲಿ ಎದ್ದು ಹೊರಗೆ ಹೋದ.

ಬೇರೆ ಯಾರಾದರೂ ಹಾಗೆಂದಿದ್ದರೆ ಈಶಮ್ಮ ನಗುತ್ತಿದ್ದಳು. ಆ ಕುರ್ಚಿಗಳಲ್ಲಿ ಎಂಟು ತಾಸಿಗಿಂತ ಹೆಚ್ಚು ಯಾರೂ ಹಸಿದಿರಲಿಲ್ಲ. ಕೆಲವರು ಮರದ ಹಿಂದೆ ಹೋಗಿ ಮಿರ್ಚಿ ಭಜ್ಜಿ ತಿಂದು ಬಾಯಿ ಒರೆಸಿಕೊಂಡು ಬಂದದ್ದೂ ಅವಳು ಕಂಡವಳೇ. ಆದರೆ ಗೌತಮಿ ಹೇಳಿದ್ದನ್ನು ಮಾಡುವವಳು. ಒಂಬತ್ತು ವರ್ಷದವಳಿದ್ದಾಗ, ಶಾಲೆ ಬಿಡಿಸಿ ಹತ್ತಿ ಬಿಡಿಸಲು ಕಳಿಸುತ್ತೇವೆ ಅಂದದ್ದಕ್ಕೆ ಎರಡು ದಿನ ಬಾಯಿಗೆ ನೀರೂ ಹಾಕಿರಲಿಲ್ಲ. ಮೂರನೆಯ ದಿನ ಸೋತದ್ದು ಅಪ್ಪ. ಈಗ ಸೋಲಬೇಕಾದದ್ದು ದಿಲ್ಲಿ. ದಿಲ್ಲಿಗೆ ಈ ಹುಡುಗಿಯ ಹೊಟ್ಟೆ ಕಾಣುತ್ತದೆಯೇ? ದವಾಖಾನೆ ನಾರಾಯಣಖೇಡದಲ್ಲಿ, ಬಸ್ಸಂತೂ ಇಲ್ಲ.

ಬೈದರೆ ಹುಡುಗಿ ಇನ್ನಷ್ಟು ಗಟ್ಟಿಯಾಗುತ್ತಾಳೆ. ಅತ್ತರೆ, ನೋರಾಳ ತಾಯಿಯೂ ಅತ್ತಿರಬೇಕು. ಈಶಮ್ಮ ತಟ್ಟೆಯ ಮೇಲೆ ಬುಟ್ಟಿ ಮುಚ್ಚಿದಳು. ತಾನೂ ಉಣ್ಣಲಿಲ್ಲ.

ಬೆಳಿಗ್ಗೆ ಎದ್ದವಳು ಒಲೆಯ ಕಡೆ ಹೋಗಲಿಲ್ಲ. ಸ್ನಾನ ಮಾಡಿ, ಹುಣ್ಣಿಮೆಯ ಬುದ್ಧವಂದನೆಗೆ ಉಡುವ ಬಿಳಿ ಸೀರೆ ಉಟ್ಟು, ಗೋಡೆಯ ಮೇಲಿನ ಬುದ್ಧನಿಗೂ ಬಾಬಾಸಾಹೇಬರಿಗೂ ಕೈ ಮುಗಿದು, ಮಗಳು ಏಳುವ ಮೊದಲೇ ಹೊರಟಳು.

ನರಸಿಂಹುಲು ಸಾರ್ ಕುರ್ಚಿ ಒರೆಸುತ್ತಿದ್ದರು. ಅಷ್ಟು ದಿನಗಳಲ್ಲಿ ಅವರು ಕೈಯಾರೆ ಮಾಡಿದ ಕೆಲಸ ಅದೊಂದೇ. ಎದುರಿಗಿನ ಮೇಜಿನ ಮೇಲೆ ಗೌತಮಿಗೆಂದು ತಂದ ದೊಡ್ಡ ಹಾರ. ಈಶಮ್ಮ ನೆಟ್ಟಗೆ ಬಂದು ಮೊದಲನೆಯ ಕುರ್ಚಿಯಲ್ಲಿ ಕೂತಳು.

"ಈಶಮ್ಮಾ, ಹಿಟ್ಟು ಆ ಕಡಿ ಇಟ್ಟಾರ."

"ಗೊತ್ತದ ಸಾರ್. ನಾನೇ ಇಟ್ಟೀನಿ."

"ಮತ್ತ?"

"ನಾ ಸಮ್ಮೆ ಮಾಡ್ಲತ್ತೀನಿ. ಹಾರ ಹಾಕ್ರಿ."

ಸಾರ್ ಒರೆಸುವ ಬಟ್ಟೆಯನ್ನೇ ಹಿಡಿದು ನಿಂತರು. "ಅಮ್ಮಾ, ಸಮ್ಮೆ ಸರ್ಕಾರದ ಮ್ಯಾಲ! ಇನ್ನೂರು ಮಂದಿ ಬರ್ತಾರ, ಪೇಪರಿನವರು ಬರ್ತಾರ. ರೊಟ್ಟಿ?"

"ಬೋರ್ಡಿನ್ಯಾಗ ಸಕಲ ಜನುಲ ಅಂತ ನೀವೇ ಬರ್ಸೀರಿ. ಮೇಷ್ಟ್ರು ಅದರಾಗ ಬಂದ್ರು, ಡ್ರೈವರ್ ಬಂದ್ರು. ಅಡಗಿಯಾಕಿ ಸಕಲ ಜನರಾಗ ಇಲ್ಲೇನ್ರಿ?" ಹಾರವನ್ನು ತಾನೇ ಎತ್ತಿ ಕೊರಳಿಗೆ ಹಾಕಿಕೊಂಡಳು. ಹೂವು ತಣ್ಣಗೆ, ಒದ್ದೆಯಾಗಿ ಇತ್ತು. ಮದುವೆಯಾದ ಮೇಲೆ ಕೊರಳಿಗೆ ಬಿದ್ದ ಮೊದಲ ಹಾರ ಅದು.

ಅಷ್ಟರಲ್ಲಿ ಗೌತಮಿ ಬಂದಳು. ಅವ್ವನನ್ನು ಕಂಡು ದಾರಿಯಲ್ಲೇ ನಿಂತುಬಿಟ್ಟಳು.

"ಅವ್ವಾ, ಏಳು. ಅದು ನನ್ನ ಕುರ್ಚಿ."

"ಓಣಿಗೆ ಒಬ್ಬರೇ ಅಂತ ನೀನೇ ಹೇಳಿದ್ದಿ. ನಮ್ಮ ಓಣಿಯಿಂದ ನಾ ಬಂದೀನಿ."

"ಅದು ಪುಸ್ತಕ!"

"ನೀ ಮಾಡ್ಲತ್ತಿದ್ದೂ ಅದರಾಗಿಂದೇ ಅಲ್ಲೇನು? ಕೇಳು. ನೀ ಉಣ್ಣೋತನಕ ನಾ ಉಣ್ಣಂಗಿಲ್ಲ. ನಾ ಉಣ್ಣೋತನಕ ಒಲಿ ಮುಟ್ಟಂಗಿಲ್ಲ. ಬೇಕಾದ್ರ ನೀನೂ ಕೂಡು. ಅವ್ವ ಮಗಳು ಕೂಡೇ ಹೋಗೋಣು. ನಿಮ್ಮಪ್ಪ ಹೊಟ್ಟಿ ಹಸಿದು ನಮ್ಮ ಹಿಂದೇ ಬರ್ತಾನ."

ಗೌತಮಿ ಚಾಪೆಯ ಮೇಲೆ, ಅವ್ವನಿಗೆ ಬೆನ್ನು ಮಾಡಿ, ಪುಸ್ತಕ ಎದೆಗೆ ಒತ್ತಿಕೊಂಡು ಕೂತಳು.

ಆಮೇಲೆ ಬಂದವಳು ಚಂದ್ರಾಬಾಯಿ. ಒಲೆಗೆ ಸೌದೆ ಹೊತ್ತು ಬಂದವಳು ಈಶಮ್ಮನನ್ನು ಹಾರದ ಸಮೇತ ಕಂಡು, ಸೌದೆಯನ್ನು ಅಲ್ಲೇ ರಸ್ತೆಗೆ ಚೆಲ್ಲಿದಳು. "ಅಯ್ಯ ನಮ್ಮವ್ವ, ಎಷ್ಟು ಛಂದ ಕಾಣ್ಲತ್ತಿ! ಕುರ್ಚಿ ಹೆಂಗದ?"

"ಬೆನ್ನಿಗೆ ಆಸರ ಅದ ನೋಡು."

"ಹಂಗಾರ ನಂಗೂ ಒಂದು ಕೊಡ್ರಿ ಸಾರ್."

ಒಂಬತ್ತು ಗಂಟೆಗೆ ಹೆಂಗಸರ ಸಂಘದ ಹನ್ನೊಂದು ಜನವೂ ಕೂತಿದ್ದರು. ಕುರ್ಚಿ ಸಾಲದೆ ಸಮಿತಿಯ ಗಂಡಸರು ಎದ್ದು ಜಾಗ ಬಿಟ್ಟರು. ಎದ್ದ ಗಂಡಸರಿಗೆ ಹೋಗಲು ಒಂದೇ ಜಾಗ ಉಳಿದಿತ್ತು, ಒಲೆಯ ಹತ್ತಿರ.

ಇನ್ನು ನೋಡಬೇಕಿತ್ತು ಆ ಸಂಭ್ರಮ. ಬೇಳೆಯೂ ಪುಂಡಿಸೊಪ್ಪಿನ ಪಲ್ಯವೂ ಹೇಗೋ ಬೆಂದವು. ಬೇಳೆ ಬಡವರ ಬಂಧು, ಬಿಟ್ಟರೂ ಬೇಯುತ್ತದೆ. ಜೋಳದ ರೊಟ್ಟಿ ಹಾಗಲ್ಲ. ಹಣಮಯ್ಯ ಚೀಲ ಹೊರುವ ಗಟ್ಟಿ ತೋಳಿನಿಂದ ಪರಾತಕ್ಕೆ ಹಿಟ್ಟು ಸುರಿದ, ಕೊಡದಿಂದ ತಣ್ಣೀರು ಸುರಿದ, ನಾದಿದ. ಮುದ್ದೆಯಾಯಿತು. ತಟ್ಟಿದ. ಅಂಚು ಒಡೆಯಿತು. ಎತ್ತಿದ. ಅರ್ಧ ಕೈಯಲ್ಲಿ, ಅರ್ಧ ಪರಾತದಲ್ಲಿ. ಸಾರ್ ಕನ್ನಡಕ ಏರಿಸಿ, "ನೀರು ಕಮ್ಮಿ" ಅಂದರು. ಮತ್ತೆ ನೀರು. ಅಂಬಲಿಯಾಯಿತು. ಕಂಡಕ್ಟರ್ ಅಂಜಪ್ಪ, "ಹಿಟ್ಟು ಖರಾಬ್ ಅದ, ಸೊಸೈಟಿ ಜೋಳ" ಅಂದ. ಕೂಡಲೇ ಎಲ್ಲರೂ ಒಪ್ಪಿದರು. ತಪ್ಪು ಹಿಟ್ಟಿನದೇ.

ಆ ಗುಂಪಿನಲ್ಲಿ ಹುಟ್ಟಿದಾಗಿನಿಂದ ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ಉಣ್ಣದ ಒಬ್ಬ ಗಂಡಸೂ ಇರಲಿಲ್ಲ. ಆ ಹಿಟ್ಟಿಗೆ ಕುದಿಯುವ ನೀರು ಬೇಕು, ಇಲ್ಲದಿದ್ದರೆ ಅದು ಹಿಡಿದುಕೊಳ್ಳುವುದಿಲ್ಲ ಅಂತ ಗೊತ್ತಿದ್ದ ಒಬ್ಬನೂ ಇರಲಿಲ್ಲ.

ಕುರ್ಚಿಗಳ ಸಾಲಿನಲ್ಲಿ ನಗೆ ಶುರುವಾಯಿತು. ಮೊದಲು ಸೆರಗಿನೊಳಗೆ, ಆಮೇಲೆ ಸೆರಗಿನ ಹೊರಗೆ. ಚಂದ್ರಾಬಾಯಿ ಕಣ್ಣೀರು ಒರೆಸಿಕೊಂಡು, "ಹೇಳಿಬಿಡ್ಲೇನು ಈಶಕ್ಕಾ?" ಅಂದಳು.

"ಹೇಳಿದ್ರ ನಿನ್ನ ಸಮ್ಮೆ ಮುರೀತದ. ಸುಮ್ಮ ಕೂಡು."

ಈಶಮ್ಮ ಕಾಲು ಚಾಚಿ ಕೂತಳು. ಬಸ್ಸಿಲ್ಲದ ರಸ್ತೆ ಎಷ್ಟು ಉದ್ದ! ಅದರ ಎರಡೂ ಬದಿಗೆ ತೊಗರಿ ಹಸಿರಾಗಿ ನಿಂತಿದ್ದನ್ನು, ಬೇವಿನ ಎಲೆ ಒಂದೊಂದಾಗಿ ಸುತ್ತುತ್ತ ಬೀಳುವುದನ್ನು ಅವಳು ನೋಡಿದಳು. ದಿನವೂ ಇದೇ ಮರದ ಕೆಳಗೆ ಇದ್ದವಳು, ಮರವನ್ನು ನೋಡಿದ್ದು ಇವತ್ತು. ಹೊಟ್ಟೆ ಹಸಿದಿತ್ತು, ಆದರೂ ಒಳಗೆ ಎಲ್ಲೋ ಹಬ್ಬದಂಥದ್ದು. ಮುಂದೆ ಮಗಳ ಬೆನ್ನು ಕಂಡಾಗ ಮಾತ್ರ ಆ ಹಬ್ಬ ನಿಲ್ಲುತ್ತಿತ್ತು. ಆ ಸಣ್ಣ ಬೆನ್ನು ಇನ್ನೂ ಬಾಗಿರಲಿಲ್ಲ.

"ಏ ಗೌತಮಿ," ಚಂದ್ರಾಬಾಯಿ ಕರೆದಳು. "ಖಾಲಿ ಹೊಟ್ಟೀಲಿ ಹೊತ್ತು ಹೋಗ್ತಿಲ್ಲ. ಆ ಗಾಳಿ ಹುಡುಗಿ ಕತಿ ಹೇಳು. ಏನಾತು ಕಡಿಗೆ?"

ಗೌತಮಿ ಪುಸ್ತಕವನ್ನು ಇನ್ನಷ್ಟು ಒತ್ತಿ ಹಿಡಿದಳು.

"ಹೇಳವ್ವ."

"ನಾ ಇನ್ನಾ ಅಷ್ಟು ಓದಿಲ್ಲ," ಅಂದಳು ಹುಡುಗಿ, ಮೆಲ್ಲಗೆ.

ಈಶಮ್ಮ ಮುಂದಕ್ಕೆ ಬಾಗಿದಳು. "ಕಡೀತನಕ ಓದದೇ ಸಾಯಾಕ ಹೊಂಟಿದ್ದೀ?"

ಹನ್ನೊಂದು ಹೆಂಗಸರು ಒಟ್ಟಿಗೆ ನಕ್ಕರು. ಗೌತಮಿಯ ಕಿವಿ ಕೆಂಪಾಯಿತು. ಅವಳು ತಿರುಗಿ ಕೂತು, ಪುಸ್ತಕ ತೆರೆದು, ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ಹೇಳತೊಡಗಿದಳು. ನೋರಾ ಬಿಳಿಯ ಅಂಗಿ ತೊಟ್ಟಳು. ತಮ್ಮನ ಕೈ ಬಿಡಿಸಿಕೊಂಡಳು. ಗೋಪುರದ ಬಾಗಿಲು ತೆರೆಯಿತು, ಮುಚ್ಚಿತು. ಓಣಿಯ ಕೊಳವೆಗಳಲ್ಲಿ ಗಾಳಿ ಶಿಳ್ಳೆ ಹೊಡೆಯುತ್ತ ಬಂತು. ಜನ ಅತ್ತರು, ಎದೆ ತುಂಬ ಉಸಿರು ತೆಗೆದುಕೊಂಡರು. ಓಣಿಯ ಬಾಯಿಗೆ ನೋರಾಳ ಕಲ್ಲಿನ ಮೂರ್ತಿ ನಿಲ್ಲಿಸಿದರು. ತಮ್ಮ ಅದಕ್ಕೊಂದು ಹೂವು ಇಟ್ಟ. ಅಲ್ಲಿಗೆ ಪುಸ್ತಕ ಮುಗಿಯಿತು.

ಹೆಂಗಸರ ಕಣ್ಣೂ ತೇವವಾಗಿತ್ತು. ಈಶಮ್ಮನೇ ಮೊದಲು ಮಾತಾಡಿದಳು.

"ಮುಂದಿನ ವರ್ಷ?"

"ಏನು ಮುಂದಿನ ವರ್ಷ?"

"ಗಾಳಿ ಒಂದು ವರ್ಷದ್ದು ಅಂದಿದ್ದೆಲ್ಲ. ವರ್ಷ ಆದ ಮ್ಯಾಲ?"

ಗೌತಮಿ ಕೊನೆಯ ಪುಟ ತಿರುವಿದಳು. ಅದರಾಚೆ ಬರಿ ರಟ್ಟು. "ಮತ್ತೊಬ್ಬಾಕಿ ಹೋಗಬೇಕು," ಅಂದಳು. ಹೇಳುತ್ತ ಹೇಳುತ್ತ ಅವಳ ಮುಖ ಬದಲಾಯಿತು. "ಆ ತಮ್ಮ ಹೋಗಬೇಕಾಗ್ತದ."

"ಗೋಪುರ?"

"ಹಂಗೇ ಅದ."

"ಹಂಗಾರ ಆಕಿ ಏನ್ ಮಾಡಿದಂಗಾತು!" ಚಂದ್ರಾಬಾಯಿ ತೊಡೆ ತಟ್ಟಿದಳು. "ಗೋಪುರದವರಿಗೆ ಒಂದು ಹುಡುಗಿ ಸಿಕ್ಕಳು, ಓಣಿಗೆ ಒಂದು ಕಲ್ಲು ಸಿಕ್ತು. ಓಣಿ ಹೆಂಗಸರೆಲ್ಲ ಕೂಡಿ ಗೋಪುರದವರ ಒಲಿ ಹೊತ್ತಸಂಗಿಲ್ಲ ಅಂದಿದ್ರ ಎರಡು ದಿನದಾಗ ಕೆಳಗ ಇಳೀತಿದ್ರು."

ಗೌತಮಿ ಅವ್ವನ ಕಡೆ ನೋಡಿದಳು. ಬಿಳಿ ಸೀರೆ, ಬಾಡತೊಡಗಿದ ಹಾರ, ನಿನ್ನೆಯಿಂದ ಏನೂ ತಿನ್ನದ ಒಣ ತುಟಿ. ಆಮೇಲೆ ಒಲೆಯ ಕಡೆ ನೋಡಿದಳು. ಅಪ್ಪ ಮೊಣಕೈತನಕ ಹಿಟ್ಟು ಮೆತ್ತಿಕೊಂಡು, ಹರಿದ ರೊಟ್ಟಿಗೆ ತೇಪೆ ಹಚ್ಚುತ್ತಿದ್ದ. ಸಾರ್ ಹೊಗೆಗೆ ಕಣ್ಣು ಉಜ್ಜಿಕೊಂಡು ಕೆಮ್ಮುತ್ತಿದ್ದರು. ಅವಳ ಬಾಯಿಂದ ತಡೆಯಲಾರದೆ ನಗು ಬಂದುಬಿಟ್ಟಿತು. ಪುಸ್ತಕವನ್ನು ಚಾಪೆಯ ಮೇಲಿಟ್ಟು ಎದ್ದಳು.

"ಅಪ್ಪಾ, ಹಿಟ್ಟು ಬಿಡು. ಮೊದಲ ನೀರು ಕಾಯಾಕ ಇಡು."

"ನೀರು ಯಾಕ?"

"ಕುದಿಯೋ ನೀರು ಹಾಕಬೇಕು. ಇಷ್ಟು ವರ್ಷ ತಿಂದೀಯಲ್ಲ, ಒಮ್ಮಿಯರೆ ಹೊಳ್ಳಿ ನೋಡಿಲ್ಲೇನು?"

ಹಣಮಯ್ಯ ಬೆಪ್ಪಾಗಿ ಹೆಂಡತಿಯ ಕಡೆ ನೋಡಿದ. ಈಶಮ್ಮ ಆಕಾಶ ನೋಡಿದಳು.

ನೀರು ಕುದಿಯಿತು. ಗೌತಮಿ ಹೇಳಿಕೊಟ್ಟಳು, ಕೈ ಹಚ್ಚಲಿಲ್ಲ. "ನೀನೇ ನಾದು. ಸುಡ್ತದ, ಸುಡಲಿ. ಅವ್ವಂದು ದಿನಾ ಸುಡ್ತದ." ಹಣಮಯ್ಯ ಬೆರಳುಗಳಿಗೆ ಬಾಯಿಂದ ಊದುತ್ತ, ಹಾರಿ ಬೀಳುತ್ತ ನಾದಿದ. ಈ ಸಲ ಹಿಟ್ಟು ಹಿಡಿದುಕೊಂಡಿತು. ರೊಟ್ಟಿ ದುಂಡಗಾಗಲಿಲ್ಲ, ಆದರೆ ಹರಿಯಲೂ ಇಲ್ಲ. ಎರಡೂ ಕೈಯಲ್ಲಿ ಕೂಸನ್ನು ಎತ್ತುವ ಹಾಗೆ ಎತ್ತಿ ಹಂಚಿನ ಮೇಲೆ ಮಲಗಿಸಿದ. ಮಲಗಿಸಿ, ಆ ಸಾಧನೆಗೆ ತಾನೇ ಬೆರಗಾಗಿ, ಅಂಜಪ್ಪನಿಗೆ ಕೈ ತೋರಿಸುತ್ತ ನಿಂತ. ಹಂಚಿನಿಂದ ಹೊಗೆ ಏಳತೊಡಗಿತು.

ಈಶಮ್ಮ ಬೆಳಗಿನಿಂದ ಕಚ್ಚಿಕೊಂಡಿದ್ದ ನಾಲಿಗೆ ಅಷ್ಟು ಹೊತ್ತಿಗೆ ಸೋತಿತು. ಕುರ್ಚಿಯಿಂದ ಅರ್ಧ ಎದ್ದು, ಕೈ ಮೇಲೆತ್ತಿ, ಇಡೀ ಕ್ರಾಸು ಕೇಳುವ ಹಾಗೆ ಕೂಗಿದಳು: "ತಿರುವ್ರೀ! ಹೊತ್ತತದ!"

ಸಂಗಾರೆಡ್ಡಿಯ ಪೇಪರಿನವನು ಅದೇ ಹೊತ್ತಿಗೆ ಬೈಕಿನಿಂದ ಇಳಿದು ಫೋಟೊ ತೆಗೆದ.

ಮೊದಲ ರೊಟ್ಟಿ ಒಂದು ಬದಿ ಕಪ್ಪು, ಒಂದು ಬದಿ ಬಿಳಿ. ಗೌತಮಿ ಅದರ ಮೇಲೆ ಪುಂಡಿ ಪಲ್ಯ, ಒಂದು ಚಿಟಿಕೆ ಶೇಂಗಾ ಚಟ್ನಿಪುಡಿ ಹಾಕಿ ಅವ್ವನ ಮುಂದೆ ತಂದಳು. ನರಸಿಂಹುಲು ಸಾರ್ ಪದ್ಧತಿಯಂತೆ ನಿಂಬೆ ಶರಬತ್ತಿನ ಗ್ಲಾಸು ಹಿಡಿದು ಓಡಿಬಂದರು.

"ಶರಬತ್ ನೀವು ಕುಡೀರಿ ಸಾರ್. ಹೊಗಿ ಕುಡಿದೀರಿ," ಅಂದಳು ಈಶಮ್ಮ. ರೊಟ್ಟಿಯನ್ನು ಮುಟ್ಟಿ ನೋಡಿದಳು. ಬಿಸಿಯಿತ್ತು. ಬೆರಳು ಸುಡುವಷ್ಟು. ಅದನ್ನು ಎರಡು ಭಾಗ ಮಾಡಿ, ಒಂದನ್ನು ಮಗಳ ಕಡೆ ಚಾಚಿ ಹಿಡಿದಳು.

ಗೌತಮಿ ಆ ಅರ್ಧ ರೊಟ್ಟಿಯನ್ನು ನೋಡುತ್ತ ನಿಂತಳು. ಹನ್ನೊಂದು ಕುರ್ಚಿಗಳೂ ಉಸಿರು ಹಿಡಿದವು. "ರಾಜ್ಯ ಬಂದಿಲ್ಲ ಇನ್ನಾ," ಅಂದಳು.

"ಬರ್ತದ. ಬಂದಾಗ ನೋಡಾಕ ನೀ ಇರಬೇಕಲ್ಲ. ತಿನ್ನು, ತಿಂದು ಘೋಷಣಾ ಕೂಗು. ಖಾಲಿ ಹೊಟ್ಟೀಲಿ ಧ್ವನಿ ಎಲ್ಲಿ ಬರ್ತದ?"

ಹುಡುಗಿ ಅವ್ವನ ಪಕ್ಕಕ್ಕೆ, ಅದೇ ಕುರ್ಚಿಯ ಅಂಚಿಗೆ ಒತ್ತಿ ಕೂತು, ಕಪ್ಪು ಬದಿಯ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು. ಅಗಿದಳು. ಮುಖ ಕಿವುಚಿದಳು. "ಅವ್ವಾ, ಉಪ್ಪೇ ಹಾಕಿಲ್ಲ ಪಲ್ಯಕ್ಕ."

ಶಾಮಿಯಾನದಲ್ಲಿ ಎದ್ದ ಕೇಕೆ ತೊಗರಿಹೊಲದ ಕೊಕ್ಕರೆಗಳನ್ನು ಎಬ್ಬಿಸಿತು. ಈಶಮ್ಮ ಮಾತ್ರ ತನ್ನ ಅರ್ಧವನ್ನು ನಿಧಾನಕ್ಕೆ, ಕೂತುಕೊಂಡೇ, ಬಿಸಿಬಿಸಿಯಾಗಿಯೇ ಮುಗಿಸಿದಳು. ಇನ್ನೊಂದು ಕೇಳಿದಳು.

ಅವತ್ತು ಇನ್ನೂರು ಜನಕ್ಕೆ ರೊಟ್ಟಿ ಸಾಲಲಿಲ್ಲ. ತಲಾ ಅರ್ಧ ಬಂತು, ಅದೂ ಸಂಜೆ ನಾಲ್ಕಕ್ಕೆ. ರಸ್ತೆ ಎಂದಿಗಿಂತ ಮೂರು ತಾಸು ಹೆಚ್ಚು ಬಂದ್ ಆಗಿತ್ತು. ವಂಟಾ ವಾರ್ಪು ಇಷ್ಟು ಯಶಸ್ವಿಯಾದದ್ದು ಇದೇ ಮೊದಲು ಅಂತ ಸಾರ್ ಭಾಷಣದಲ್ಲಿ ಹೇಳಿದರು. ಮರುದಿನದಿಂದ ಒಲೆಗೆ ಸರದಿ ಬಂತು: ಒಂದು ದಿನ ಹೆಂಗಸರು ಕುರ್ಚಿಯಲ್ಲಿ, ಒಂದು ದಿನ ಗಂಡಸರು. ಗೌತಮಿ ಉಪವಾಸದ ಪಟ್ಟಿಯಿಂದ ಹೆಸರು ಹೊಡೆಸಿ ಮೈಕ್ ಹಿಡಿದಳು. ಸಮ್ಮೆ ಮುಗಿದು, ಕಾಲೇಜು ತೆರೆದು, ಅವಳ ಪರೀಕ್ಷೆಯೂ ಮುಗಿಯಿತು. ಪುಸ್ತಕವನ್ನು ಲೈಬ್ರರಿಗೆ ಹಿಂದಿರುಗಿಸುವ ಮೊದಲು ಕೊನೆಯ ರಟ್ಟಿನ ಒಳಗೆ ಪೆನ್ಸಿಲ್ಲಿನಲ್ಲಿ ಒಂದು ಸಾಲು ಬರೆದಳು: ಮುಂದಿನ ವರ್ಷ ಓಣಿಯ ತಾಯಂದಿರು ಕುರ್ಚಿ ತಂದು ಗೋಪುರದ ಮುಂದೆ ಕೂತರು.

ಮೂರು ವರ್ಷಕ್ಕೆ ರಾಜ್ಯ ಬಂತು. ಗೌತಮಿ ಈಗ ಯಾಲಾಲ್ ಕಡೆಯ ಒಂದು ಶಾಲೆಯಲ್ಲಿ ಟೀಚರು. ಮಧ್ಯಾಹ್ನ ಅಡುಗೆಯವರಿಗೆ ಮೊದಲು ತಟ್ಟೆ ಹಾಕಿಸುವ ಟೀಚರು ಅಂತ ಹೆಸರು. ಹಣಮಯ್ಯನ ರೊಟ್ಟಿ ಇವತ್ತಿಗೂ ದುಂಡಗಾಗಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಒಲೆ ಅವನದು. ಈಶಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಪ್ರತಿ ರೊಟ್ಟಿಗೂ ಒಂದು ಕುಂದು ಹೇಳುತ್ತಾಳೆ.

ಪೇಪರಿನಲ್ಲಿ ಬಂದ ಫೋಟೊವನ್ನು ಅವಳು ಹಿಟ್ಟಿನ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದಾಳೆ. ಬಿಳಿ ಸೀರೆ, ಕೊರಳಲ್ಲಿ ಹಾರ, ಮೇಲೆತ್ತಿದ ಕೈ, ಅಗಲಕ್ಕೆ ತೆರೆದ ಬಾಯಿ. ಕೆಳಗೆ ತೆಲುಗಿನಲ್ಲಿ ಒಂದು ಸಾಲು: ಕಲ್ಹೇರ್ ಕ್ರಾಸಿನಲ್ಲಿ ಚಳವಳಿಯ ಘೋಷಣೆ ಕೂಗುತ್ತಿರುವ ಮಹಿಳೆ.

ಬಂದವರು ಓದಿ, "ಯಾವ ಘೋಷಣಾ ಕೂಗ್ಲತ್ತಿದ್ದಿ ಈಶಮ್ಮಾ?" ಅಂತ ಕೇಳಿದರೆ, ಅವಳು ಒಳಗಿನ ಒಲೆಯ ಕಡೆ ಬಾಯಿ ಮಾಡಿ ಮತ್ತೊಮ್ಮೆ ಕೂಗಿ ತೋರಿಸುತ್ತಾಳೆ. ಭಾನುವಾರವಾಗಿದ್ದರೆ ಒಳಗಿನಿಂದ ಉತ್ತರವೂ ಬರುತ್ತದೆ:

"ತಿರುವೀನಿ ಮಾರಾಯ್ತಿ, ತಿರುವೀನಿ!"